ಮೋಹ 63

ಶೀರ್ಷಿಕೆ ನೋಡಿ ಯಾವುದೋ ಹಳೆಯ ಸಿನಿಮಾದ ಕಥೆ ಇರಬೇಕು ಎಂದುಕೊಂಡವರು ದಯವಿಟ್ಟು ಕ್ಷಮಿಸಬೇಕು. ಇದು ಒಂದು ರೈಲಿನ ಹೆಸರು. ಜಪಾನಿನ ರೈಲ್ವೆಯವರು ತಮ್ಮ ವಿದ್ಯುತ್ ಬೋಗಿಗಳನ್ನು ಅಕ್ಷರಗಳಿಂದ ಗುರುತಿಸುತ್ತಾರೆ. 'ಮೊ' ಎಂದರೆ ಮೋಟಾರು ಇರುವ ಬೋಗಿ, 'ಹ' ಎಂದರೆ ಮೂರನೆಯ ದರ್ಜೆ. ನಮ್ಮ ಅಕ್ಷರಮಾಲೆ ಅ, ಆ, ಇ ಎಂದು ಶುರುವಾಗುವ ಹಾಗೆ ಅವರ ಹಳೆಯ ಕ್ರಮ ಇ, ರೊ, ಹ ಎಂದು ಶುರುವಾಗುತ್ತದೆ. ಅದರಿಂದ ಮೊದಲ ದರ್ಜೆಗೆ ಇ, ಎರಡನೆಯದಕ್ಕೆ ರೊ, ಮೂರನೆಯದಕ್ಕೆ ಹ. ಹೀಗೆ ಮೋಟಾರುಳ್ಳ ಮೂರನೆಯ ದರ್ಜೆಯ ಬೋಗಿ 'ಮೊಹ' ಆಯಿತು. ಅವರು 'ಮೊ' ಅನ್ನು ಗಿಡ್ಡಕ್ಕೇ ಉಚ್ಚರಿಸುತ್ತಾರೆ ಅನ್ನಿ, ಆದರೆ ಕನ್ನಡದ ಕಿವಿಗೆ ಅದು ಮೋಹವಲ್ಲದೆ ಬೇರೇನು? ದರ್ಜೆಗಳೆಲ್ಲ ಬದಲಾಗಿ ದಶಕಗಳೇ ಕಳೆದರೂ 'ಹ' ಅಕ್ಷರ ಜಪಾನಿನ ಬೋಗಿಗಳ ಪಕ್ಕೆಯ ಮೇಲೆ ಇಂದಿಗೂ ಉಳಿದಿದೆ.

ಜಪಾನಿನ ರೈಲು ಎಂದೊಡನೆ ನಮ್ಮ ಬಳಗದಲ್ಲಿ ಮಾತು ಹೊರಳುವುದು ಬುಲೆಟ್ ರೈಲಿನ ವೇಗಕ್ಕೆ, ಇಲ್ಲವೇ ಗಡಿಯಾರಕ್ಕೆ ಸರಿಯಾಗಿ ಬಂದು ನಿಲ್ಲುವ ಆ ಶಿಸ್ತಿಗೆ. ಆ ಹೊಗಳಿಕೆ ಸುಳ್ಳಲ್ಲ. ಆದರೆ ಅಂಥ ರೈಲ್ವೆ ತಾನಾಗಿ ಹುಟ್ಟಿ ಬರಲಿಲ್ಲ. ಅದರ ಹಿಂದೆ ಬಡತನದಲ್ಲಿ ಹುಟ್ಟಿದ, ಎಲ್ಲರೂ ಬೈದ, ಕೊನೆಗೆ ನೂರಾರು ಜನರ ಸಾವಿಗೆ ಸಾಕ್ಷಿಯಾದ ಒಂದು ದಿನನಿತ್ಯದ ಲೋಕಲ್ ಗಾಡಿಯಿದೆ. ಅದೇ ಈ ಮೋಹ 63. ಅದರ ಕಥೆಯೆಲ್ಲ ಒಂದು ಕಿಟಕಿಯ ಸುತ್ತ, ಒಂದು ಬಾಗಿಲಿನ ಸುತ್ತ ತಿರುಗುತ್ತದೆ.

1944. ಜಪಾನ್ ಯುದ್ಧದಲ್ಲಿ ಸೋಲುತ್ತಿದ್ದ ಕಾಲ. ಯುದ್ಧಸಾಮಗ್ರಿಯ ಕಾರ್ಖಾನೆಗಳಿಗೆ ದಿನಾ ಬೆಳಿಗ್ಗೆ ಲಕ್ಷಾಂತರ ಕೆಲಸಗಾರರನ್ನು ಸಾಗಿಸಬೇಕು, ಆದರೆ ಬೋಗಿ ಕಟ್ಟಲು ಉಕ್ಕಿಲ್ಲ, ತಾಮ್ರವಿಲ್ಲ, ಗಾಜಿಲ್ಲ. ಅಲ್ಲಿಯವರೆಗಿನ ದೊಡ್ಡ ಬೋಗಿಗಳಿಗೆ ಪಕ್ಕಕ್ಕೆ ಮೂರು ಬಾಗಿಲು. ಎಂಜಿನಿಯರುಗಳು 20 ಮೀಟರ್ ಉದ್ದದ ಬೋಗಿಗೆ ಪಕ್ಕಕ್ಕೆ ನಾಲ್ಕು ಅಗಲವಾದ ಬಾಗಿಲು ಇಟ್ಟರು. ಜನ ಬೇಗ ಹತ್ತಿ ಬೇಗ ಇಳಿಯಲಿ ಎಂದು. ಕೂರುವ ಜಾಗ ಕಡಿಮೆ, ನಿಲ್ಲುವ ಜಾಗ ಹೆಚ್ಚು. ಉಳಿದದ್ದೆಲ್ಲ ಕಡಿತ. ಒಳಮಾಳಿಗೆಗೆ ಹಲಗೆ ಇಲ್ಲ, ತಲೆಯೆತ್ತಿದರೆ ಛಾವಣಿಯ ಪಕ್ಕೆಲುಬುಗಳು ಕಾಣುತ್ತಿದ್ದವು. ದೀಪಕ್ಕೆ ಬುರುಡೆಯಿಲ್ಲದ ಬರೀ ಬಲ್ಬು. ಒಂದು ಬೋಗಿಯಿಂದ ಇನ್ನೊಂದಕ್ಕೆ ಪ್ರಯಾಣಿಕರು ದಾಟುವ ಏರ್ಪಾಡಿಲ್ಲ. ತುದಿಯಲ್ಲಿ ಬಾಗಿಲೇನೋ ಇತ್ತು, ಆದರೆ ಅದು ಒಳಕ್ಕೆ ತೆರೆಯುವಂಥದ್ದು. ಇದನ್ನು ನೆನಪಿಟ್ಟುಕೊಳ್ಳಿ.

ಕಿಟಕಿಯದು ಇನ್ನೊಂದು ಕಥೆ. ದೊಡ್ಡ ಗಾಜು ಸಿಗುತ್ತಿರಲಿಲ್ಲ, ಸಿಕ್ಕಿದ್ದು ಸಣ್ಣ ಚೂರುಗಳು. ಆದ್ದರಿಂದ ಕಿಟಕಿಯನ್ನು ಅಡ್ಡಡ್ಡಲಾಗಿ ಮೂರು ಭಾಗ ಮಾಡಿದರು. ಮೇಲಿನದನ್ನು ತೆರೆಯಬಹುದು, ಕೆಳಗಿನದನ್ನೂ ತೆರೆಯಬಹುದು, ನಡುವಿನದು ಚೌಕಟ್ಟಿಗೆ ಭದ್ರ. ಕಿಕ್ಕಿರಿದ ಬೋಗಿಗೆ ಗಾಳಿ ಬರುತ್ತದೆ, ಗಾಜೂ ಉಳಿಯುತ್ತದೆ. ಒಂದು ಇಕ್ಕಟ್ಟಿಗೆ ಒಂದು ಜಾಣ ಉತ್ತರ. ಆದರೆ ತೆರೆದ ಸಂದಿನ ಎತ್ತರ ಒಂದಡಿಯೂ ಇರಲಿಲ್ಲ. ಗಾಳಿಗೆ ಸಾಕು, ಮನುಷ್ಯನಿಗೆ ಸಾಲದು.

ಇಷ್ಟು ಕಡಿತ ಮಾಡಿದರೂ ಮೊದಮೊದಲ ಬೋಗಿಗಳಿಗೆ ಹಾಕಲು ಮೋಟಾರೇ ಸಿಗಲಿಲ್ಲ. ಹೆಸರಿನಲ್ಲಿ 'ಮೊ' ಇದೆ, ಕೆಳಗೆ ಮೋಟಾರಿಲ್ಲ! ಅವನ್ನು ಬೇರೆ ಬೋಗಿಗಳು ಎಳೆದುಕೊಂಡು ಹೋಗುತ್ತಿದ್ದವು. ಯುದ್ಧ ಮುಗಿಯುವ ಹೊತ್ತಿಗೆ ತಯಾರಾಗಿದ್ದವು ಕೈಬೆರಳೆಣಿಕೆಗಿಂತ ತುಸು ಹೆಚ್ಚು, ಅಷ್ಟೆ.

ನಿಜವಾದ ಉತ್ಪಾದನೆ ಶುರುವಾದದ್ದು ಸೋಲಿನ ನಂತರ. ಬಾಂಬಿಗೆ ಸುಟ್ಟುಹೋದ ಟೋಕಿಯೊದಲ್ಲಿ ಬೋಗಿಗಳೂ ನೂರಾರು ಸುಟ್ಟಿದ್ದವು. ಊರಲ್ಲಿ ಅಕ್ಕಿಯಿಲ್ಲ; ಮನೆಯ ಬಟ್ಟೆಬರೆ ಹಿಡಿದು ಹಳ್ಳಿಗೆ ಹೋಗಿ ಗೆಣಸು, ಅಕ್ಕಿ ಬದಲಾಯಿಸಿಕೊಂಡು ಬರುವ ಜನ ರೈಲಿನ ಮೆಟ್ಟಿಲಿಗೆ, ಎರಡು ಬೋಗಿಗಳ ನಡುವಿನ ಕೊಂಡಿಗೆ ಜೋತುಬೀಳುತ್ತಿದ್ದರು. ಅಂಥ ದಿನಗಳಲ್ಲಿ ಯುದ್ಧಕಾಲದ ಅದೇ ನಕ್ಷೆಯನ್ನು ಹೊರತೆಗೆದು, ಬೋಗಿಯ ಮೇಲೆ ಬೋಗಿ ಕಟ್ಟುತ್ತಾ ಹೋದರು. ಹೊಸ ನಕ್ಷೆ ಬರೆಯುತ್ತಾ ಕೂರಲು ಯಾರಿಗೆ ಪುರಸೊತ್ತು? ಕೆಲವೇ ವರ್ಷಗಳಲ್ಲಿ ಸರ್ಕಾರಿ ರೈಲ್ವೆಯೊಂದಕ್ಕೇ ಆರುನೂರಕ್ಕೂ ಹೆಚ್ಚು ಬೋಗಿಗಳು ಬಂದವು. ಜನ ಇದನ್ನು 'ರೋಕುಸಾನ್' ಎಂದರು, ಅಂದರೆ ಬರೀ 'ಆರು ಮೂರು'.

ಇದರಲ್ಲಿ ಆರು ಬೋಗಿಗಳ ವಿಚಾರ ಹೇಳದೆ ಮುಂದೆ ಹೋಗಲು ಮನಸ್ಸಾಗದು. ಯುದ್ಧ ನಿಂತಾಗ ವಿಮಾನ ಕಟ್ಟಲು ತಂದಿಟ್ಟ ಡ್ಯುರಾಲುಮಿನ್ ಎಂಬ ಹಗುರ ಮಿಶ್ರಲೋಹ ರಾಶಿರಾಶಿ ಉಳಿದಿತ್ತು. ವಿಮಾನ ಕಟ್ಟುವಂತಿಲ್ಲ; ಉಕ್ಕು ಬೇಕೆಂದರೂ ಸಿಗುವುದಿಲ್ಲ. 1946ರಲ್ಲಿ ಕವಾಸಾಕಿ ಕಾರ್ಖಾನೆಯವರು ಆ ಲೋಹದಿಂದಲೇ ಆರು ಬೋಗಿಗಳನ್ನು ಕಟ್ಟಿದರು. ಬಾಂಬು ಹೊರಬೇಕಿದ್ದ ಲೋಹ ಬೆಳ್ಳಿಯ ಹಾಗೆ ಹೊಳೆಯುತ್ತಾ ಟೋಕಿಯೊ ಮತ್ತು ಯೊಕೊಹಾಮಾ ನಡುವೆ ಆಫೀಸಿಗೆ ಹೋಗುವವರನ್ನು ಹೊತ್ತು ತಿರುಗಿತು. ಹೊಳಪು ಹೆಚ್ಚು ಕಾಲ ಉಳಿಯಲಿಲ್ಲ. ತುಕ್ಕಿನ ಸೋದರನಂಥದ್ದೊಂದು ಸವೆತ ಹಿಡಿದು ಮೈಯೆಲ್ಲ ತಿಂದುಹಾಕಿತು. 1954ರಲ್ಲಿ ಅವುಗಳಿಗೆ ಉಕ್ಕಿನ ಹೊಸ ಮೈ ತೊಡಿಸಬೇಕಾಯಿತು.

ಸರ್ಕಾರ ಖಾಸಗಿ ರೈಲು ಕಂಪನಿಗಳಿಗೂ ಈ ಬೋಗಿಗಳನ್ನು ಹಂಚಿತು: ತೊಬು, ಒದಾಕ್ಯು, ನಂಕಾಯ್, ಸಾನ್ಯೊ ಮುಂತಾದವುಗಳಿಗೆ. ಕರಾರು ಏನೆಂದರೆ, ದೊಡ್ಡ ಬೋಗಿ ಪಡೆದವರು ತಮ್ಮ ಸಣ್ಣ ಹಳೆಯ ಬೋಗಿಗಳನ್ನು ಹಳ್ಳಿಗಾಡಿನ ಬಡ ರೈಲುಗಳಿಗೆ ಬಿಟ್ಟುಕೊಡಬೇಕು. ನಗೋಯಾದ ಕಂಪನಿಗೆ ಈ ಭಾರೀ ಗಾತ್ರ ತನ್ನ ತಿರುವುಗಳಲ್ಲಿ ಹಿಡಿಸದೆ ಬೇರೆಯವರಿಗೆ ಮಾರಿಬಿಟ್ಟಿತು. ಉಳಿದವರು ಸುರಂಗ, ಪ್ಲಾಟ್‌ಫಾರಂಗಳನ್ನೇ ಬೋಗಿಗೆ ತಕ್ಕಂತೆ ಕೆತ್ತಿಕೊಂಡರು. ಇಂದು ಟೋಕಿಯೊದ ಸುತ್ತ ಎಲ್ಲಿ ನಿಂತು ನೋಡಿದರೂ 20 ಮೀಟರ್ ಉದ್ದದ, ಪಕ್ಕಕ್ಕೆ ನಾಲ್ಕು ಬಾಗಿಲಿನ ಬೋಗಿಯೇ ಕಾಣುವುದು. ಆ ಅಳತೆ ಶುರುವಾದದ್ದು ಈ ಬಡಪಾಯಿಯಿಂದ. ನಮ್ಮ ತಂತ್ರಾಂಶದ ಕಸುಬಿನಲ್ಲೂ ಹೀಗೇ: ತಾತ್ಕಾಲಿಕ ಎಂದು ರಾತ್ರೋರಾತ್ರಿ ಬರೆದದ್ದೇ ಇಪ್ಪತ್ತು ವರ್ಷ ಬಾಳುತ್ತದೆ, ಅದರ ಮೇಲೆಯೇ ಉಳಿದದ್ದೆಲ್ಲ ಕೂರುತ್ತದೆ.

ರೋಕುಸಾನ್ ಮೊದಲು ಕೆಟ್ಟ ಸುದ್ದಿಯಾದದ್ದು 1949ರ ಜುಲೈ 15ರ ರಾತ್ರಿ. ಟೋಕಿಯೊದ ಪಶ್ಚಿಮಕ್ಕಿರುವ ಮಿತಾಕಾದ ಶೆಡ್ಡಿನಿಂದ ಚಾಲಕನೇ ಇಲ್ಲದೆ ಒಂದು ರೈಲು ಹೊರಟು, ಸ್ಟೇಷನ್ನಿಗೆ ನುಗ್ಗಿ ಆರು ಜನರನ್ನು ಕೊಂದಿತು. ಯಾರು ಬಿಟ್ಟರು, ಏಕೆ ಬಿಟ್ಟರು ಎಂಬುದರ ಸುತ್ತ ರಾಜಕೀಯ, ಮೊಕದ್ದಮೆ, ಗಲ್ಲಿನ ತೀರ್ಪು ಎಲ್ಲವೂ ಬಂದವು. ಅದನ್ನೇ ಬರೆದರೆ ಇನ್ನೊಂದು ಲೇಖನವಾದೀತು. ಬೋಗಿಯ ತಪ್ಪು ಅದರಲ್ಲಿರಲಿಲ್ಲ. ಬೋಗಿಯ ತಪ್ಪು ಹೊರಬಿದ್ದದ್ದು ಎರಡು ವರ್ಷದ ನಂತರ.

1951ರ ಏಪ್ರಿಲ್ 24, ಮಂಗಳವಾರ ಮಧ್ಯಾಹ್ನ. ಯೊಕೊಹಾಮಾದ ಸಕುರಾಗಿಚೋ ಸ್ಟೇಷನ್ನಿನ ಬಳಿ ಕೆಲಸಗಾರರು ಹಳಿಯ ಮೇಲಿನ ವಿದ್ಯುತ್ ತಂತಿಯ ಇನ್ಸುಲೇಟರ್ ಬದಲಾಯಿಸುತ್ತಿದ್ದರು. ಒಬ್ಬನ ಕೈಯ ಸ್ಪ್ಯಾನರ್ ತಗುಲಬಾರದ ಕಡೆ ತಗುಲಿತು. ಕಿಡಿ ಹಾರಿ, ಮೇಲಿನ ತಂತಿಯನ್ನು ಹಿಡಿದಿದ್ದ ಕೇಬಲ್ ತುಂಡಾಗಿ, ತಂತಿ ಜೋತುಬಿತ್ತು. ಅದೇ ಹೊತ್ತಿಗೆ ಐದು ಬೋಗಿಗಳ ರೈಲೊಂದು ಸ್ಟೇಷನ್ನಿನತ್ತ ಬರುತ್ತಿತ್ತು. ಅದನ್ನು ಯಾರೂ ತಡೆಯಲಿಲ್ಲ. ಮುಂದಿನ ಬೋಗಿಯ ಛಾವಣಿಯ ಮೇಲೆ ವಿದ್ಯುತ್ ಹಿಡಿಯುವ ಪ್ಯಾಂಟೊಗ್ರಾಫ್ ಆ ತಂತಿಗೆ ಸಿಕ್ಕಿಹಾಕಿಕೊಂಡು ಮುರಿದು ಬಾಗಿತು. 1500 ವೋಲ್ಟ್ ನೇರವಾಗಿ ಛಾವಣಿಗೆ ಹರಿಯಿತು. (1925ರಲ್ಲಿ ಮುಂಬಯಿಯಲ್ಲಿ ಓಡಿದ ಭಾರತದ ಮೊದಲ ವಿದ್ಯುತ್ ರೈಲಿಗೂ ಇದೇ 1500 ವೋಲ್ಟಿನ ಡೀಸಿ.) ಕಡಿತದ ಕಾಲದ ಆ ಬೋಗಿಯಲ್ಲಿ ಪ್ಯಾಂಟೊಗ್ರಾಫಿನ ಬುಡಕ್ಕೆ ಸಾಕಷ್ಟು ವಿದ್ಯುನ್ನಿರೋಧಕ ಇರಲಿಲ್ಲ. ಚಾಲಕ ಪ್ಯಾಂಟೊಗ್ರಾಫ್ ಇಳಿಸಲು ನೋಡಿದ, ಪ್ರಯೋಜನವಾಗಲಿಲ್ಲ. ಒಂದು ಸಬ್‌ಸ್ಟೇಷನ್ನಿನ ಬ್ರೇಕರ್ ತಾನಾಗಿ ಬಿದ್ದು ಕರೆಂಟು ಕಡಿಯಿತು, ಇನ್ನೊಂದರದು ಬೀಳಲಿಲ್ಲ. ಹೀಗಾಗಿ ಹಲವು ನಿಮಿಷ ವಿದ್ಯುತ್ ಹರಿಯುತ್ತಲೇ ಇತ್ತು. ಮರದ ಹಲಗೆ, ಸುಲಭವಾಗಿ ಉರಿಯುವ ಬಣ್ಣ. ಬೆಂಕಿ ನೋಡನೋಡುತ್ತಲೇ ಬೋಗಿಯನ್ನು ಆವರಿಸಿತು.

ಒಳಗಿದ್ದವರು ಏನು ಮಾಡಬಹುದಿತ್ತು? ಗಾಳಿಯ ಒತ್ತಡದಿಂದ ಮುಚ್ಚಿಕೊಳ್ಳುವ ಬಾಗಿಲುಗಳು ತೆರೆಯಲಿಲ್ಲ. ಬೋಗಿಯ ತುದಿಯ ಬಾಗಿಲಿಗೆ ನುಗ್ಗಿದರು. ಅದು ಒಳಕ್ಕೆ ತೆರೆಯುವ ಬಾಗಿಲು. ಹಿಂದಿನಿಂದ ಒತ್ತುವ ಜನರ ಭಾರಕ್ಕೆ ಅದನ್ನು ಎಳೆಯಲಾಗಲಿಲ್ಲ. ಕಿಟಕಿಗೆ ಬಂದರು. ಮೇಲೊಂದು ಸಂದು, ಕೆಳಗೊಂದು ಸಂದು, ನಡುವೆ ಭದ್ರವಾದ ಚೌಕಟ್ಟು.

ನಿಜ ಹೇಳಬೇಕೆಂದರೆ ಬಾಗಿಲು ತೆರೆಯುವ ಉಪಾಯ ಆ ಬೋಗಿಯಲ್ಲೇ ಇತ್ತು. ಸೀಟಿನ ಕೆಳಗೆ ಒಂದು ಹಿಡಿ. ಅದನ್ನು ತಿರುಗಿಸಿದರೆ ಗಾಳಿ ಹೊರಹೋಗಿ, ಬಾಗಿಲನ್ನು ಕೈಯಿಂದ ಸರಿಸಬಹುದಾಗಿತ್ತು. ಆದರೆ ಅದು ರೈಲ್ವೆಯವರ ಬಳಕೆಗೆಂದು ಇಟ್ಟದ್ದು. 'ಇಲ್ಲಿದೆ' ಎಂದು ಒಂದು ಫಲಕವಿರಲಿಲ್ಲ. ಅದರ ಮೇಲೆಯೇ ಕುಳಿತು ಬಂದವರಿಗೂ ಅದು ಗೊತ್ತಿರಲಿಲ್ಲ.

106 ಜನ ಸತ್ತರು. 92 ಜನಕ್ಕೆ ಗಾಯ. ಮೊದಲ ಬೋಗಿ ಪೂರ್ತಿ, ಎರಡನೆಯದು ಅರ್ಧ ಸುಟ್ಟಿತ್ತು. ಸ್ಟೇಷನ್ನು ಅಲ್ಲೇ ಕಣ್ಣೆದುರಿಗಿತ್ತು.

ಕೆಳಹಂತದ ಕೆಲವು ನೌಕರರ ಮೇಲೆ ಮೊಕದ್ದಮೆ ನಡೆದು ಶಿಕ್ಷೆಯಾಯಿತು. ರಾಷ್ಟ್ರೀಯ ರೈಲ್ವೆಯ ಅಧ್ಯಕ್ಷ ಕಾಗಾಯಾಮಾ ಯುಕಿಯೊ ಆಗಸ್ಟಿನಲ್ಲಿ ರಾಜೀನಾಮೆ ಕೊಟ್ಟರು. ಅವರೊಂದಿಗೆ ಹೊಣೆ ಹೊತ್ತು ಹೊರನಡೆದ ಇನ್ನೊಬ್ಬರು ಬೋಗಿ ಮತ್ತು ಎಂಜಿನುಗಳ ವಿಭಾಗದ ಮುಖ್ಯಸ್ಥ ಶಿಮಾ ಹಿದೆಯೊ. ಈ ಹೆಸರನ್ನು ಕೆಲವರಾದರೂ ಕೇಳಿರುತ್ತೀರಿ. ಯುದ್ಧದ ನಂತರ, ವಿಮಾನಗಳ ಕಂಪನವನ್ನು ಅಧ್ಯಯನ ಮಾಡಿದ್ದ ನೌಕಾಪಡೆಯ ತಜ್ಞರನ್ನು ರೈಲಿನ ಚಕ್ರಗಳ ಕಂಪನ ಬಿಡಿಸಲು ಕೂರಿಸಿದವರು ಇವರು. ರಾಜೀನಾಮೆಯ ನಂತರ ಒಂದು ಲೋಹದ ಕಂಪನಿ ಸೇರಿದ್ದ ಶಿಮಾ ಅವರನ್ನು 1955ರಲ್ಲಿ ಹೊಸ ಅಧ್ಯಕ್ಷ ಸೊಗೊ ಶಿಂಜಿ ಮತ್ತೆ ಕರೆತಂದು ಮುಖ್ಯ ಎಂಜಿನಿಯರ್ ಮಾಡಿದರು. ಅವರಿಬ್ಬರೂ ಸೇರಿ ಶಿಂಕಾನ್‌ಸೆನ್ ಕಟ್ಟಿದರು. ಖರ್ಚು ಮಿತಿಮೀರಿತೆಂಬ ಗದ್ದಲದಲ್ಲಿ 1963ರಲ್ಲಿ ಇಬ್ಬರೂ ಹೊರಬಿದ್ದದ್ದು, 1964ರ ಉದ್ಘಾಟನೆಗೆ ಇಬ್ಬರಿಗೂ ಕರೆ ಬಾರದಿದ್ದದ್ದು ಬೇರೆಯೇ ನೋವು. ಶಿಂಕಾನ್‌ಸೆನ್ನಿನ ಚರಿತ್ರೆಯಲ್ಲಿ ಸಕುರಾಗಿಚೋ ಹೆಸರು ಎಲ್ಲೋ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ನಮಗೆ ಆ ಸಾಲು ಸಣ್ಣದೆನಿಸುವುದಿಲ್ಲ.

ಪತ್ರಿಕೆಗಳು ರೋಕುಸಾನ್ ಅನ್ನು ಕೊಲೆಗಡುಕ ರೈಲು ಎಂದು ಕರೆದವು. ಮುಂದಿನ ಎರಡು ವರ್ಷದಲ್ಲಿ ಅಷ್ಟೂ ಬೋಗಿಗಳನ್ನು ವರ್ಕ್‌ಶಾಪಿಗೆ ಎಳೆದು ತಿದ್ದಿದರು. ಪ್ಯಾಂಟೊಗ್ರಾಫಿನ ಬುಡಕ್ಕೆ ಎರಡು ಪದರ ನಿರೋಧಕ, ಬೆಂಕಿ ತಡೆಯುವ ಬಣ್ಣ, ಬೋಗಿಯಿಂದ ಬೋಗಿಗೆ ನಡೆದುಹೋಗುವ ದಾರಿ. ಕಿಟಕಿಯ ನಡುವಿನ ಗಾಜನ್ನು ಸಡಿಲಿಸಿ ತೆರೆಯುವಂತೆ ಮಾಡಿದರು. ಆ ಗುಪ್ತ ಹಿಡಿಗೆ ಕೊನೆಗೂ ಒಂದು ಫಲಕ ಬಂತು: ತುರ್ತಿನಲ್ಲಿ ಇದನ್ನು ತಿರುಗಿಸಿ ಬಾಗಿಲು ತೆರೆಯಿರಿ. ತಿದ್ದಿದ ಬೋಗಿಗಳಿಗೆ 72, 73 ಮುಂತಾದ ಹೊಸ ಸಂಖ್ಯೆ ಕೊಟ್ಟರು. 1953ರ ಹೊತ್ತಿಗೆ ಓಡುವ ರೈಲುಗಳಲ್ಲಿ 63 ಎಂಬ ಅಂಕಿಯೇ ಇಲ್ಲವಾಯಿತು. ಮಿತಾಕಾ ಮೊಕದ್ದಮೆಯ ಸಾಕ್ಷ್ಯವೆಂದು ಮುಟ್ಟದೆ ಇಟ್ಟಿದ್ದ ಒಂದು ಬೋಗಿ ಮಾತ್ರ ವರ್ಷಗಟ್ಟಲೆ ಹಳೆಯ ಹೆಸರಿನಲ್ಲೇ ನಿಂತಿತ್ತು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾವು ಇದನ್ನು ಬರೆಯುತ್ತಿರಲಿಲ್ಲವೇನೋ.

ಹನ್ನೊಂದು ವರ್ಷದ ನಂತರ, 1962ರ ಮೇ 3ರ ರಾತ್ರಿ ಒಂಬತ್ತೂವರೆ ದಾಟಿತ್ತು. ಟೋಕಿಯೊದ ಈಶಾನ್ಯದಲ್ಲಿ ಮಿಕಾವಾಷಿಮಾ ಸ್ಟೇಷನ್ನಿನ ಹತ್ತಿರ ಒಂದು ಗೂಡ್ಸ್ ಗಾಡಿ ಕೆಂಪು ಸಿಗ್ನಲ್ ಮೀರಿ ಬಂದು ಹಳಿ ತಪ್ಪಿತು. ಉಎನೋ ಕಡೆಯಿಂದ ಬಂದ ಪ್ರಯಾಣಿಕರ ರೈಲು ಅದಕ್ಕೆ ತಗುಲಿ ಪಕ್ಕದ ಹಳಿಯ ಕಡೆಗೆ ಓರೆಯಾಯಿತು. ದೀಪ ಆರಿತು. ಕೆಲವರಿಗೆ ಪೆಟ್ಟಾಗಿತ್ತು, ಆದರೆ ಅಷ್ಟರಲ್ಲಿ ದೊಡ್ಡ ಅನಾಹುತವೇನೂ ಆಗಿರಲಿಲ್ಲ. ಕತ್ತಲೆಯ ಬೋಗಿಯಲ್ಲಿ ಜನಕ್ಕೆ ಏನು ನೆನಪಾಗಿರಬೇಕು? ಸಕುರಾಗಿಚೋವನ್ನು ಜಪಾನಿನಲ್ಲಿ ಮರೆತವರಿರಲಿಲ್ಲ. ಫಲಕ ಇತ್ತು, ಹಿಡಿ ಎಲ್ಲಿದೆಯೆಂದು ಈಗ ಎಲ್ಲರಿಗೂ ಗೊತ್ತಿತ್ತು. ತಿರುಗಿಸಿದರು. ಬಾಗಿಲು ತೆರೆದವು. ಇಳಿದು, ಪಕ್ಕದ ಹಳಿಯ ಮೇಲೆ ಸ್ಟೇಷನ್ನಿನ ಕಡೆ ನಡೆಯತೊಡಗಿದರು.

ಸುಮಾರು ಏಳು ನಿಮಿಷದ ನಂತರ ಆ ಹಳಿಯಲ್ಲಿ ಎದುರಿನಿಂದ ರೈಲು ಬಂತು.

ಆ ಏಳು ನಿಮಿಷದಲ್ಲಿ ರೈಲಿನ ಸಿಬ್ಬಂದಿಯಾಗಲಿ, ಸ್ಟೇಷನ್ನಿನವರಾಗಲಿ ಎದುರಿನ ರೈಲನ್ನು ನಿಲ್ಲಿಸುವ ಕೆಲಸ ಮಾಡಲಿಲ್ಲ. ಹಳಿಯ ಮೇಲಿದ್ದವರನ್ನು ಕೊಚ್ಚಿಕೊಂಡು ಬಂದ ರೈಲು ಓರೆಯಾಗಿದ್ದ ಬೋಗಿಗೆ ಗುದ್ದಿತು. ಅದರ ಮುಂದಿನ ಬೋಗಿಗಳು ದಿಬ್ಬದ ಕೆಳಗೆ ಉರುಳಿದವು. 160 ಜನ ಸತ್ತರು. ಅವರಲ್ಲಿ ಒಬ್ಬ ಗಂಡಸು ಯಾರೆಂದು ಕೊನೆಗೂ ಪತ್ತೆಯಾಗಲಿಲ್ಲ. ಗುದ್ದಿದ ಆ ರೈಲಿನಲ್ಲಿದ್ದದ್ದೂ ನಮ್ಮ ರೋಕುಸಾನಿನ ಮುಂದಿನ ಪೀಳಿಗೆಯ, 72ರ ಕುಟುಂಬದ ಬೋಗಿಗಳೇ.

ತೆರೆಯದ ಬಾಗಿಲು ಒಮ್ಮೆ ಕೊಂದಿತು, ತೆರೆದ ಬಾಗಿಲು ಇನ್ನೊಮ್ಮೆ. ಆದರೂ ಆ ಹಿಡಿಯ ಫಲಕವನ್ನು ಬರೆದವರ ತಪ್ಪೇನೂ ನಮಗೆ ಕಾಣುವುದಿಲ್ಲ. 1951ರಲ್ಲಿ ಬರೆಯದೆ ಇದ್ದಿದ್ದರೆ ಅದು ದೊಡ್ಡ ತಪ್ಪು. ಕೊರತೆಯಿದ್ದದ್ದು ಬೇರೆ ಕಡೆ: ಪ್ರಯಾಣಿಕನ ಕೈಗೆ ಬಾಗಿಲಿನ ಅಧಿಕಾರ ಕೊಟ್ಟ ಮೇಲೆ, ಅವನು ಕಾಲಿಡುವ ಹಳಿಯನ್ನು ಖಾಲಿ ಇಡುವ ವ್ಯವಸ್ಥೆಯನ್ನೂ ಜೊತೆಗೇ ಕೊಡಬೇಕಿತ್ತು. ಆ ಎರಡನೆಯ ಭಾಗ ಬರಲು 160 ಜನ ಸಾಯಬೇಕಾಯಿತು. ಕೆಂಪು ಸಿಗ್ನಲ್ ಮೀರಿದರೆ ರೈಲನ್ನು ತಾನಾಗಿ ನಿಲ್ಲಿಸುವ ಉಪಕರಣ 1966ರ ಹೊತ್ತಿಗೆ ರಾಷ್ಟ್ರೀಯ ರೈಲ್ವೆಯ ಎಲ್ಲ ಮಾರ್ಗಗಳಿಗೂ ಬಂತು. ಅಪಘಾತವಾದರೆ ಸಿಬ್ಬಂದಿ ಮೊದಲು ಸುತ್ತಲಿನ ರೈಲುಗಳನ್ನು ನಿಲ್ಲಿಸಬೇಕು, ಉಳಿದದ್ದೆಲ್ಲ ಆಮೇಲೆ ಎಂಬ ನಿಯಮ ಗಟ್ಟಿಯಾಯಿತು. ಮುಂದೆ ಚಾಲಕನ ಬಳಿ ರೇಡಿಯೊ ಗುಂಡಿ ಬಂತು; ಒತ್ತಿದರೆ ಹತ್ತಿರದ ರೈಲುಗಳೆಲ್ಲ ನಿಲ್ಲುತ್ತವೆ.

ಬೋಗಿಗಳ ಉಳಿದ ಆಯುಷ್ಯವನ್ನು ಬೇಗ ಹೇಳಿಬಿಡುತ್ತೇವೆ. 1957ರಲ್ಲಿ ಹೊಸ ತಂತ್ರದ ಕಿತ್ತಳೆ ಬಣ್ಣದ ಗಾಡಿಗಳು (ಮುಂದೆ 101 ಎಂದು ಹೆಸರಾದವು) ಟೋಕಿಯೊಗೆ ಬಂದ ಮೇಲೆ, 72ರ ಕುಟುಂಬ ಮೆಲ್ಲಗೆ ಪಕ್ಕದ ಮಾರ್ಗಗಳಿಗೆ, ಆಮೇಲೆ ದೂರದ ಊರುಗಳಿಗೆ ಸರಿಯಿತು. ಕಾರ್ಖಾನೆಗಳ ನಡುವೆ ಓಡುವ ತ್ಸುರುಮಿ ಮಾರ್ಗದಲ್ಲಿ 1980ರವರೆಗೆ, ಹಿರೋಶಿಮಾದ ಕಾಬೆ ಮಾರ್ಗದಲ್ಲಿ 1984ರವರೆಗೆ ಗುಡುಗುಡು ಸದ್ದು ಮಾಡುತ್ತಾ ಓಡಾಡಿದವು. ಇನ್ನೊಂದು ತಮಾಷೆ ಇದೆ. 1974ರಲ್ಲಿ ಸೆಂದಾಯ್ ಬಳಿಯ ಸೆನ್‌ಸೆಕಿ ಮಾರ್ಗಕ್ಕಾಗಿ ಕೆಲವು 72ಗಳ ಅಡಿಗಟ್ಟಿನ ಮೇಲೆ ಹೊಸ ಮಾದರಿಯ ಮೈ ಕೂರಿಸಿದರು. 1985ರಲ್ಲಿ ಅವಕ್ಕೇ ಹೊಸ ಮೋಟಾರು, ಹೊಸ ಚಕ್ರ ಹಾಕಿ 103 ಎಂಬ ಹೊಸ ಹೆಸರಿನಲ್ಲಿ ಟೋಕಿಯೊ ಸಮೀಪದ ಕಾವಾಗೋಯೆ ಮಾರ್ಗಕ್ಕೆ ಕಳಿಸಿದರು. ಅವು ನಿವೃತ್ತಿಯಾದದ್ದು 2005ರಲ್ಲಿ. ಅಷ್ಟು ವರ್ಷ ಅದರಲ್ಲಿ ಕುಳಿತು ಹೋದವರಿಗೆ ಕಾಲಕೆಳಗಿನ ಉಕ್ಕು ಯಾವ ಮನೆತನದ್ದು ಎಂದು ಗೊತ್ತಿದ್ದಿತೇ?

ಬಾಗಿಲಿನ ವಿಚಾರ ಮಾತ್ರ ಮುಗಿದಿಲ್ಲ. ಬಾಗಿಲು ತೆರೆದೇ ಓಡುವ ಮುಂಬಯಿ ಲೋಕಲಿನಲ್ಲಿ ಜೋತುಬಿದ್ದು ಹೋದ ಅನುಭವ ನಮ್ಮಲ್ಲಿ ಹಲವರಿಗಿದೆ. ಬಾಗಿಲು ಮುಚ್ಚಿದ ರೈಲಿನಲ್ಲಿ ಕೂತಾಗ ಜೀವ ಭದ್ರ ಅನ್ನಿಸುವುದೂ ಅದಕ್ಕೇ. 2021ರ ಅಕ್ಟೋಬರ್ 31ರ ಸಂಜೆ ಟೋಕಿಯೊದ ಕೇಯೊ ಮಾರ್ಗದ ರೈಲೊಂದರಲ್ಲಿ ಒಬ್ಬ ಚಾಕುವಿನಿಂದ ಇರಿದು, ಬೋಗಿಗೆ ಬೆಂಕಿ ಹಚ್ಚಿದ. ಓಡಿಬಂದ ಪ್ರಯಾಣಿಕರು ತುರ್ತು ಹಿಡಿಯನ್ನು ತಿರುಗಿಸಿದರು. ಹಿಡಿ ತಿರುಗಿಸಿದರೆ ರೈಲು ಮುಂದೆ ಚಲಿಸಲಾಗದು, ಅದು ಸುರಕ್ಷತೆಯ ನಿಯಮ. ಹಾಗಾಗಿ ಕೊಕುರ್ಯೊ ಸ್ಟೇಷನ್ನಿನಲ್ಲಿ ರೈಲು ತನ್ನ ಜಾಗಕ್ಕೆ ತುಸು ಹಿಂದೆಮುಂದೆ ನಿಂತಿತು; ಪ್ಲಾಟ್‌ಫಾರಂ ಅಂಚಿನ ಗೇಟುಗಳಿಗೂ ಬೋಗಿಯ ಬಾಗಿಲುಗಳಿಗೂ ತಾಳೆಯಾಗಲಿಲ್ಲ. ಜನ ಬಿದ್ದಾರೆಂಬ ಭಯದಿಂದ ಸಿಬ್ಬಂದಿ ಬಾಗಿಲು ತೆರೆಯಲಿಲ್ಲ. ಪ್ರಯಾಣಿಕರು ಕಿಟಕಿಗಳಿಂದ ನುಸುಳಿ, ಗೇಟು ಹಾರಿ ಹೊರಬಂದರು. ಗಾಯಗೊಂಡವರಿದ್ದರು, ಸತ್ತವರಿರಲಿಲ್ಲ. ಆ ವರ್ಷದ ಕೊನೆಗೆ ಸಾರಿಗೆ ಸಚಿವಾಲಯ ಹೊಸ ಸೂಚನೆ ಕೊಟ್ಟಿತು: ಅಂಥ ಹೊತ್ತಿನಲ್ಲಿ ರೈಲು ಸರಿಯಾದ ಜಾಗದಲ್ಲಿ ನಿಲ್ಲದಿದ್ದರೂ ರೈಲಿನ ಬಾಗಿಲು, ಪ್ಲಾಟ್‌ಫಾರಂ ಗೇಟು ಎರಡನ್ನೂ ತೆರೆಯಬೇಕು.

ಮೋಹ 63 ಒಂದೇ ಒಂದು ಇಂದಿಗೂ ನೋಡಲು ಸಿಗುತ್ತದೆ. 63638 ಸಂಖ್ಯೆಯ ಬೋಗಿ ಎಷ್ಟೋ ವರ್ಷ ಬೇರೆ ಹೆಸರಿನಲ್ಲಿ ರೈಲ್ವೆಯ ಒಳಗಿನ ಕೆಲಸಕ್ಕೆ ಓಡಾಡಿಕೊಂಡಿತ್ತು. ಅದನ್ನು ಮತ್ತೆ ಹಳೆಯ ರೂಪಕ್ಕೆ ತಂದು, 2011ರಲ್ಲಿ ತೆರೆದ ನಗೋಯಾದ ರೈಲು ಸಂಗ್ರಹಾಲಯದಲ್ಲಿ ಶಿಂಕಾನ್‌ಸೆನ್ನುಗಳ ಜೊತೆಗೇ ನಿಲ್ಲಿಸಿದ್ದಾರೆ. ಅತ್ತ ಹೋದವರು ಬುಲೆಟ್ ರೈಲಿನ ಮೂತಿಯ ಮುಂದೆ ಫೋಟೊ ತೆಗೆಸಿಕೊಂಡಾದ ಮೇಲೆ, ಕಂದು ಬಣ್ಣದ ಈ ಬೋಗಿಯ ಹತ್ತಿರವೂ ಹೋಗಿ. ಕಿಟಕಿಯ ಮೂರು ಗಾಜುಗಳನ್ನು ಎಣಿಸಿ ಬನ್ನಿ.